ಬರೆ ಮತ್ತು ಬರಹ: ಸುಟ್ಟಗೆರೆಯ ಮುಖಚಿತ್ರಗಳಲ್ಲಿ ಮುಪ್ಪು

ಮರದ ಹಲಗೆಯ ಮೇಲೆ ಕಾದ ಲೋಹದ ಮೊನೆಯಿಂದ ಗೆರೆ ಸುಟ್ಟು ಚಿತ್ರ ಮೂಡಿಸುವ ಕಲೆಗೆ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಪೈರೋಗ್ರಫಿ ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ ಬೆಂಕಿಯ ಬರಹ ಎಂದೇ ಅರ್ಥ. ಒಲೆಯ ಕೆಂಡ ಕೆದಕುವ ಕಬ್ಬಿಣದ ಸರಳನ್ನೇ ಕಾಯಿಸಿ ಚಿತ್ರ ಬರೆಯುತ್ತಿದ್ದುದರಿಂದ ಇದಕ್ಕೆ ಪೋಕರ್ ವರ್ಕ್ ಎಂಬ ಹೆಸರೂ ಉಂಟು. ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ 19ನೆಯ ಶತಮಾನದ ಶಿಲ್ಪಿ ರಾಬರ್ಟ್ ಬಾಲ್ ಹ್ಯೂಸ್ ಕಾಯಿಸಿದ ಕಬ್ಬಿಣದಿಂದ ಮರದ ಮೇಲೆ ಮೂಡಿಸಿದ ಚಿತ್ರಗಳು ಈ ಬಗೆಯ ಕಲೆಗೆ ಗೌರವ ತಂದವು. ಆಮೇಲೆ ವಿದ್ಯುತ್ತಿನಿಂದ ಕಾಯುವ ಲೇಖನಿ ಬಂದು, ಒಲೆಯ ಮುಂದೆ ಕೂತು ಮಾಡುತ್ತಿದ್ದ ಕೆಲಸ ಮೇಜಿನ ಮೇಲಿನ ಕೆಲಸವಾಯಿತು. ಪ್ರಸ್ತುತ ಲೇಖನದಲ್ಲಿ ಅನುಕೂಲಕ್ಕಾಗಿ ಇದನ್ನು ‘ಸುಟ್ಟಗೆರೆ’ ಎಂದು ಕರೆಯಲಾಗಿದೆ.

ಕರ್ನಾಟಕದ ನಗರ, ಪಟ್ಟಣಗಳಲ್ಲಿ ಈ ಕಲೆಯನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಹೂವು, ಹಕ್ಕಿ, ದೇವರ ರೂಪಗಳಲ್ಲಿ ಕೈ ಪಳಗಿಸಿಕೊಂಡ ಬಳಿಕ ಅವರು ತಿರುಗುವುದು ತಮ್ಮ ಸುತ್ತಲಿನ ಮುಖಗಳ ಕಡೆಗೆ. ಅಜ್ಜಿ, ತಂದೆ, ಸೋದರಮಾವ, ಜೊತೆಯಲ್ಲೇ ತಲೆ ನರೆಯುತ್ತಿರುವ ಗೆಳೆಯ ಇವರೇ ಚಿತ್ರದ ವಸ್ತುವಾಗುತ್ತಾರೆ. ಇಂಥ ಚಿತ್ರಗಳನ್ನು ಕಲಾವಿಮರ್ಶೆ ಹವ್ಯಾಸವೆಂದು ಬದಿಗಿಟ್ಟಿದೆ. ಜಾನಪದ ಅಧ್ಯಯನ ಪರಂಪರೆಯ ಬಲವಿಲ್ಲದ್ದೆಂದು ಬದಿಗಿಟ್ಟಿದೆ. ಆದರೆ ಬದುಕಿರುವ ಹಿರಿಯರ ಮುಖವನ್ನು, ಅದರ ಮುಪ್ಪಿನ ಸಮೇತ, ಮರದಲ್ಲಿ ಮೂಡಿಸುವ ಕ್ರಿಯೆಯು ಕನ್ನಡ ಜನಪದರ ಸ್ಮರಣೆಯ ಕ್ರಮದಲ್ಲಿ ಇದುವರೆಗೆ ಇಲ್ಲದಿದ್ದ ಒಂದು ಸ್ಥಾನವನ್ನು ತುಂಬುತ್ತದೆ. ಆ ಸ್ಥಾನ ಯಾವುದು, ಅದನ್ನು ತುಂಬುವಲ್ಲಿ ಈ ಚಿತ್ರಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಬೆಂಕಿ, ಮುಖ ಮತ್ತು ಭಾಷೆ

ಮುಖವನ್ನು ಬೆಂಕಿಯಿಂದ ಬರೆಯುವ ಕೆಲಸಕ್ಕೆ ಕನ್ನಡ ಭಾಷೆಯೇ ಮೊದಲ ಅಡ್ಡಿ ಒಡ್ಡುತ್ತದೆ. ಆಡುಮಾತಿನಲ್ಲಿ ಮುಖಕ್ಕೂ ಬೆಂಕಿಗೂ ಇರುವ ನಂಟು ಶಾಪದ ನಂಟು. ಮೋರೆ ಸುಡಲಿ, ಮುಸುಡಿಗೆ ಬೆಂಕಿ ಬೀಳಲಿ ಎಂಬ ಬೈಗುಳಗಳು ಹಳ್ಳಿಯ ಜಗಳಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಮರ ಮತ್ತು ಬೆಂಕಿ ಮನುಷ್ಯದೇಹದ ಸಂದರ್ಭದಲ್ಲಿ ಒಟ್ಟಿಗೆ ಬರುವುದು ಚಿತೆಯಲ್ಲಿ. ಸ್ಮಶಾನಕ್ಕೆ ‘ಸುಡುಗಾಡು’ ಎಂಬ ಹೆಸರಿದೆ. ಮುಪ್ಪನ್ನು ಕುರಿತು ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎನ್ನುವ ಗಾದೆಯ ಕಾಡು ಈ ಕಾಡೇ. ಹೀಗಿರುವಾಗ ಎಂಬತ್ತರ ಅಂಚಿನ ಹಿರಿಯರೊಬ್ಬರು ತಮ್ಮ ಮುಖವನ್ನು ಮರದ ಮೇಲೆ ಸುಡುತ್ತಾರೆಂದು ಕೇಳಿ ಹಿಂಜರಿದರೆ ಅದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಲಾಗದು. ಹೂಳುವ ಸಂಪ್ರದಾಯವಿರುವ ಲಿಂಗಾಯತ ಮೊದಲಾದ ಸಮುದಾಯಗಳಲ್ಲಿ ಚಿತೆಯ ನೆನಪು ಇಷ್ಟು ನೇರವಾಗಿ ಬಾರದಿದ್ದರೂ ಬೈಗುಳದ ಬಿಸಿ ಎಲ್ಲರಿಗೂ ಒಂದೇ.

ಅಡ್ಡಿ ಒಡ್ಡುವ ಭಾಷೆಯೇ ದಾರಿಯನ್ನೂ ತೆರೆದಿದೆ. ‘ಬರೆ’ ಎಂಬ ಒಂದೇ ರೂಪ ಕನ್ನಡದಲ್ಲಿ ಕ್ರಿಯಾಪದವಾದಾಗ ಅಕ್ಷರ ಬರೆಯುವುದನ್ನೂ ಚಿತ್ರ ಬರೆಯುವುದನ್ನೂ ಹೇಳುತ್ತದೆ. ನಾಮಪದವಾದಾಗ ಗೆರೆಯನ್ನೂ, ಕಾದ ಕಬ್ಬಿಣ ಮೈಮೇಲೆ ಉಳಿಸಿದ ಗುರುತನ್ನೂ ಹೇಳುತ್ತದೆ. ಜನಪದರ ಬದುಕಿನಲ್ಲಿ ಬರೆ ಹಾಕುವುದು ಬಹುಮುಖಿ ಆಚರಣೆ. ದನಕರುಗಳಿಗೆ ಗುರುತಿಗಾಗಿಯೂ ರೋಗಕ್ಕಾಗಿಯೂ ಬರೆ ಹಾಕುತ್ತಿದ್ದರು. ಮಕ್ಕಳಿಗೆ ಕಾಮಾಲೆಯಂಥ ಕಾಯಿಲೆ ಬಂದಾಗ ಬರೆ ಹಾಕಿಸುವ ಅಪಾಯಕಾರಿ ನಾಟಿ ಚಿಕಿತ್ಸೆಯೂ ರೂಢಿಯಲ್ಲಿತ್ತು. ಮಾಧ್ವ ಸಂಪ್ರದಾಯದಲ್ಲಿ ಆಷಾಢದ ಏಕಾದಶಿಯಂದು ಶಂಖ ಚಕ್ರಗಳ ಕಾದ ಮುದ್ರೆಯನ್ನು ಧರಿಸುವ ತಪ್ತಮುದ್ರಾಧಾರಣೆ ಇಂದಿಗೂ ನಡೆಯುತ್ತಿದೆ. ಒಡೆತನ, ಚಿಕಿತ್ಸೆ, ದೀಕ್ಷೆ ಇವು ಬೇರೆ ಬೇರೆಯಾದರೂ ಮೂರರ ಹಿಂದೆಯೂ ಒಂದು ಭಾವನೆ ಇದೆ: ಸುಟ್ಟು ಮಾಡಿದ ಗುರುತು ಅಳಿಸಲಾರದ್ದು, ಆದ್ದರಿಂದ ಅದು ನಂಬತಕ್ಕದ್ದು.

ಕುಶಲಕರ್ಮಗಳಲ್ಲಿಯೂ ಬೆಂಕಿ ಎಂದರೆ ನಾಶವೊಂದೇ ಅಲ್ಲ. ಬಿದಿರಿಗೆ ಕೊಳಲಿನ ರಂಧ್ರಗಳನ್ನು ಕೊಡುವುದು ಕಾಯಿಸಿದ ಕಬ್ಬಿಣದ ಸರಳು. ಕುಂಬಾರನ ಆವಿಗೆಯಲ್ಲಿ ಬೇಯದ ಮಡಕೆ ನೀರು ಹಿಡಿಯದು. ‘ಪಕ್ವ’ ಎಂಬ ಪದಕ್ಕೆ ಬೆಂದದ್ದು, ಮಾಗಿದ್ದು ಎಂಬ ಎರಡೂ ಅರ್ಥಗಳಿವೆ. ಮುಪ್ಪಿನವರನ್ನು ‘ಹಣ್ಣು ಹಣ್ಣು ಮುದುಕಿ’ ಎನ್ನುವ ಕನ್ನಡವು ಮುಪ್ಪನ್ನು ಮಾಗುವಿಕೆಯಾಗಿಯೇ ಕಂಡಿದೆ. ಸುಟ್ಟಗೆರೆಯ ಮುಖಚಿತ್ರ ಚಿತೆಯ ಕಡೆಗೆ ವಾಲಬಲ್ಲದು, ಆವಿಗೆಯ ಕಡೆಗೂ ವಾಲಬಲ್ಲದು. ಯಾವ ಕಡೆಗೆ ಎಂಬುದನ್ನು ನಿರ್ಧರಿಸುವುದು ಅದನ್ನು ಮಾಡಿದ ಬಗೆ.

2. ನುಡಿಯಲ್ಲಿ ಉಳಿದದ್ದು, ರೂಪದಲ್ಲಿ ಉಳಿಯದ್ದು

ಕನ್ನಡ ನಾಡಿನ ಸ್ಮಾರಕರೂಪಗಳನ್ನು ಮುಪ್ಪಿನ ದೃಷ್ಟಿಯಿಂದ ನೋಡಿದರೆ ಒಂದು ವಿಚಿತ್ರ ಕೊರತೆ ಕಣ್ಣಿಗೆ ಬೀಳುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಂದಿಗೆ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ ಎಂಬ ಸಾಮಾನ್ಯ ವಿನ್ಯಾಸದಲ್ಲಿ ವೀರನು ಎಲ್ಲೆಡೆಯೂ ತರುಣ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಎತ್ತಿದ ಕೈಯೇ ಪ್ರಧಾನ. ಆ ಹೆಂಗಸಿನ ಮುಖ ಯಾವ ಹೆಂಗಸಿನದೂ ಆಗಬಹುದು. ತುಳುನಾಡಿನ ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ ಚೆನ್ನಯರು ಎಂದೆಂದಿಗೂ ಯುವಕರು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತರೂಪಗಳು ಎತ್ತರದಲ್ಲಿ ಆಳುದ್ದ ನಿಂತು ಬೆರಗು ಹುಟ್ಟಿಸುತ್ತವೆ. ಅವುಗಳಲ್ಲಿಯೂ ತೋರುವುದು ಶಕ್ತಿಯ ರೂಪವೇ ಹೊರತು ಒಬ್ಬ ವ್ಯಕ್ತಿಯ ವಯಸ್ಸಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬಯಲಾಟಗಳಲ್ಲಿ ಮುದುಕ ಮುದುಕಿಯರು ಬಂದರೂ ಅವರು ಬಹುಮಟ್ಟಿಗೆ ಹಾಸ್ಯಗಾರನ ಪಾಲು. ಜನಪದ ರೂಪಕಲೆ ಮಾದರಿಗಳನ್ನು ನಿರ್ಮಿಸಿತು. ವ್ಯಕ್ತಿಯ ಮುಖವನ್ನಾಗಲಿ ಅದರ ಮೇಲೆ ಕಾಲ ಎಳೆದ ಗೆರೆಯನ್ನಾಗಲಿ ಅದು ಹಿಡಿಯಹೋಗಲಿಲ್ಲ.

ನುಡಿಯ ಪರಂಪರೆ ಹಾಗಲ್ಲ. ಹಳಗನ್ನಡದಿಂದ ಬಂದ ‘ನರೆ’ ಮತ್ತು ‘ತೆರೆ’ ಎಂಬ ಪದಗಳು ಬಿಳಿಗೂದಲನ್ನೂ ಚರ್ಮದ ಸುಕ್ಕನ್ನೂ ಜೋಡಿಯಾಗಿ ಹೇಳುತ್ತವೆ. ಬಸವಣ್ಣನವರ ಒಂದು ಪ್ರಸಿದ್ಧ ವಚನ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸುತ್ತ ಸಾಗುತ್ತದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುವ ಗಾದೆ ಎಲ್ಲರಿಗೂ ಗೊತ್ತಿರುವಂಥದು. ಕನ್ನಡ ಜನಪದರು ಮುಪ್ಪನ್ನು ಮಾತಿನಲ್ಲಿ ಗಂಭೀರವಾಗಿ ಕಂಡರು, ರೂಪದಲ್ಲಿ ಕಾಣಿಸಲಿಲ್ಲ.

20ನೆಯ ಶತಮಾನದಲ್ಲಿ ಛಾಯಾಚಿತ್ರ ಮನೆಮನೆಗೆ ಬಂದಾಗ ಈ ಕೊರತೆ ನೀಗಬಹುದಾಗಿತ್ತು. ಆದರೆ ನಡೆದದ್ದು ಬೇರೆ. ನಡುಮನೆಯ ಗೋಡೆಗೆ ಏರಿದ ದೊಡ್ಡ ಪಟ ತೀರಿಕೊಂಡವರದು. ಬದುಕಿರುವವರ ಪಟಕ್ಕೆ ಹಾರ ಹಾಕಬಾರದೆಂಬ ನಿಷೇಧ ಇಂದಿಗೂ ಗಟ್ಟಿಯಾಗಿದೆ. ಹಿರಿಯರು ತೀರಿಕೊಂಡ ಮೇಲೆ ಯಾವುದೋ ಮದುವೆಯ ಗುಂಪುಚಿತ್ರದಿಂದ ಅವರ ಮುಖವೊಂದನ್ನೇ ಹೆಕ್ಕಿ ಹಿಗ್ಗಿಸುತ್ತಿದ್ದರು. ಹಾಗೆ ಹಿಗ್ಗಿಸುವಾಗ ಸ್ಟುಡಿಯೋದವರು ಸುಕ್ಕನ್ನು ತಿದ್ದಿ, ಕಣ್ಣಿಗೆ ಹೊಳಪು ಕೊಟ್ಟು, ಕೆನ್ನೆ ತುಂಬಿಸುತ್ತಿದ್ದರು. ಮಹಾಲಯದ ಹಿರಿಯರ ಹಬ್ಬದಲ್ಲಿ ಎಡೆಯ ಹಿಂದೆ ನಿಲ್ಲುವ ಮುಖ ಹೀಗೆ ತಿದ್ದಿದ ಮುಖ. ವೀರಗಲ್ಲಿನ ತರುಣ ಮತ್ತೊಂದು ದಾರಿಯಿಂದ ಮನೆಯೊಳಕ್ಕೆ ಬಂದನೆಂದರೆ ತಪ್ಪಾಗದು.

ಬದುಕಿರುವಾಗಲೇ, ಮುಪ್ಪಿನ ಮುಖವನ್ನೇ, ಆ ಹಿರಿಯರ ಕಣ್ಣೆದುರೇ ಮೂಡಿಸುವ ಸುಟ್ಟಗೆರೆಯ ಚಿತ್ರದ ಹೊಸತನ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಅದು ನುಡಿಯ ಪರಂಪರೆಯಲ್ಲಿದ್ದ ನರೆ ತೆರೆಗಳನ್ನು ಮೊದಲ ಬಾರಿಗೆ ಮನೆಯ ಗೋಡೆಗೆ ತರುತ್ತದೆ.

3. ಮಾಧ್ಯಮದ ಗುಣ

ಈ ಹೊಸತನಕ್ಕೆ ಮಾಧ್ಯಮವೂ ಕಾರಣ. ಸುಟ್ಟಗೆರೆಯಲ್ಲಿ ಬಣ್ಣವಿಲ್ಲ. ಮರದ ಸಹಜವರ್ಣ, ಅದರಿಂದ ಮೇಲಕ್ಕೆ ತಿಳಿಗಂದು, ಗಾಢಗಂದು, ಕೊನೆಗೆ ಇದ್ದಲಿನ ಕಪ್ಪು ಇಷ್ಟೇ ಅದರ ಸಂಪತ್ತು. ಹಲಗೆಯನ್ನು ಮರಳುಕಾಗದದಿಂದ ಉಜ್ಜಿ ನುಣುಪುಗೊಳಿಸಿ, ಮುಖದ ಹೊರರೇಖೆಯನ್ನು ಸೀಸದ ಕಡ್ಡಿಯಿಂದ ಗುರುತು ಮಾಡಿಕೊಂಡು, ಆಮೇಲೆ ಕಾದ ಮೊನೆಯನ್ನು ಮುಟ್ಟಿಸುತ್ತಾರೆ. ಚೂಪು ಮೊನೆ ಗೆರೆಗೆ, ಚಮಚದಂತೆ ಬಾಗಿದ ಮೊನೆ ನೆರಳಿಗೆ. ಕಪ್ಪು ಬೇಕಾದಲ್ಲಿ ಒತ್ತಿದರೆ ಹಲಗೆ ತಗ್ಗಾಗಿ ಗೆರೆ ಕೆಡುತ್ತದೆ. ಅಲ್ಲಿ ಕೈಯನ್ನು ನಿಧಾನಿಸಬೇಕು. ಮೊನೆಯ ಬಿಸಿ, ಅದು ಮರದ ಮೇಲೆ ತಂಗಿದ ಹೊತ್ತು ಇವೆರಡೇ ಬಣ್ಣವನ್ನು ನಿರ್ಧರಿಸುತ್ತವೆ. ಆದ್ದರಿಂದ ಚಿತ್ರದ ಪ್ರತಿಯೊಂದು ಕಪ್ಪೂ ಕೈ ಅಲ್ಲಿ ತಂಗಿದ ಹೊತ್ತಿನ ದಾಖಲೆ. ತೀರ ತೆಳುವಾದ ಸುಟ್ಟಗುರುತನ್ನು ಅಲಗಿನಿಂದ ಕೆರೆದು ತೆಗೆಯಬಹುದು. ಆಳಕ್ಕೆ ಇಳಿದದ್ದನ್ನು ಅಳಿಸಲಾಗದು.

ಮರದ ಜಾತಿ ಈ ಕೆಲಸದಲ್ಲಿ ನಿರ್ಣಾಯಕ. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಆಲೆ ಮರದಂಥ ಬೆಳ್ಳಗಿನ, ಒಂದೇ ಹದದ ಮರದಲ್ಲಿ ಮೊನೆ ತಡೆಯಿಲ್ಲದೆ ಹರಿಯುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿದೆ, ವರ್ಷದ ಬಳೆಗಳು ಎದ್ದು ಕಾಣುತ್ತವೆ, ಮರವೇ ಕಂದು. ಬಳೆಯ ಮೆದು ಭಾಗದಲ್ಲಿ ಗೆರೆ ಬೇಗ ಕಪ್ಪಾಗಿ, ಗಟ್ಟಿ ಭಾಗಕ್ಕೆ ಬಂದಾಗ ತೆಳುವಾಗುತ್ತದೆ. ಅನುಭವವಿಲ್ಲದವರು ಇದನ್ನು ತೊಡಕೆಂದು ಭಾವಿಸುತ್ತಾರೆ. ಪಳಗಿದವರು ಹಣೆಯ ಮಡಿಕೆಗಳು ಮರದ ಬಳೆಗಳ ದಿಕ್ಕಿನಲ್ಲಿಯೇ ಸಾಗುವಂತೆ ಹಲಗೆಯನ್ನು ತಿರುಗಿಸಿಕೊಂಡು ಆರಿಸುತ್ತಾರೆ. ಅಲ್ಲಿ ಮರದ ವಯಸ್ಸು ಮನುಷ್ಯನ ವಯಸ್ಸಿಗೆ ಆಧಾರವಾಗುತ್ತದೆ.

ಮುಪ್ಪಿನ ಮುಖ ಈ ಮಾಧ್ಯಮದ ನಿಜವಾದ ಪರೀಕ್ಷೆ. ನರೆಗೂದಲನ್ನು ಸುಟ್ಟು ಬರೆಯಲಾಗದು. ಸುಟ್ಟರೆ ಅದು ಕರಿಗೂದಲಾಗುತ್ತದೆ. ಕೂದಲಿನ ಎಳೆಯನ್ನು ಹಾಗೆಯೇ ಬಿಟ್ಟು, ಎಳೆಗಳ ನಡುವಿನ ಸಂದನ್ನು ಮಾತ್ರ ಸುಡಬೇಕು. ಸುಕ್ಕಿನ ವಿಷಯ ಇದಕ್ಕಿಂತ ಸೂಕ್ಷ್ಮ. ಸುಕ್ಕು ಒಂದು ಗೆರೆಯಲ್ಲ, ಅದು ತಗ್ಗು ಮತ್ತು ಅದರ ಪಕ್ಕದ ದಿಬ್ಬ. ತಗ್ಗಿಗೆ ಮೆಲುವಾದ ನೆರಳು, ದಿಬ್ಬಕ್ಕೆ ಮರದ ಬರಿಯ ಬೆಳಕು ಬೇಕು. ಹೊಸಬರು ಸುಕ್ಕನ್ನು ಕರಿಗೆರೆಯಾಗಿ ಎಳೆದಾಗ ಮುಖ ಹತ್ತು ವರ್ಷ ಹೆಚ್ಚು ಮುದಿಯಾಗಿ, ಗಾಯಗೊಂಡಂತೆ ಕಾಣುತ್ತದೆ. ಅಂಥ ಚಿತ್ರದಲ್ಲಿ ಬರೆ ಇರುತ್ತದೆ, ಬರಹ ಇರುವುದಿಲ್ಲ. ಭಾರದ ಓಲೆ ಬುಗುಡಿಗಳನ್ನು ದಶಕಗಳ ಕಾಲ ಹೊತ್ತು ಜೋತ ಕಿವಿಯ ಹಾಲೆ, ಹಲ್ಲುದುರಿ ಒಳಸೇರಿದ ತುಟಿ, ಕನ್ನಡಕದ ಗಾಜಿನ ಹಿಂದೆ ಮಂಜಾದ ಕಣ್ಣು ಇವೆಲ್ಲ ಸುಡದೆ ಬಿಡುವುದರಿಂದಲೇ ಹೆಚ್ಚಾಗಿ ಮೂಡುವಂಥವು. ಎಲ್ಲಿ ಸುಡಬಾರದೆಂಬ ಅರಿವೇ ಈ ಕಲೆಯ ತಿರುಳು.

ಹಣೆಯ ಗುರುತುಗಳಲ್ಲಿ ಈ ತಿರುಳು ಸಾಮಾಜಿಕ ಅರ್ಥವನ್ನೂ ಪಡೆಯುತ್ತದೆ. ವಿಭೂತಿಯ ಪಟ್ಟೆಗಳನ್ನು ಸುಡದೆ ಬಿಡಬೇಕು, ಕುಂಕುಮವನ್ನು ಸುಟ್ಟೇ ಇಡಬೇಕು. ಬಣ್ಣವಿಲ್ಲದ ಹಲಗೆಯಲ್ಲಿ ಕುಂಕುಮದ ಕೆಂಪು ಕಪ್ಪುಚುಕ್ಕೆಯಾಗುತ್ತದೆ. ಗಂಡನನ್ನು ಕಳೆದುಕೊಂಡ ಅಜ್ಜಿಯ ಚಿತ್ರದಲ್ಲಿ ಹಣೆಯನ್ನು ಖಾಲಿ ಬಿಡುವುದೋ, ಮೊಮ್ಮಕ್ಕಳ ಆಸೆಯಂತೆ ಚುಕ್ಕೆ ಇಡುವುದೋ ಎಂಬ ಪ್ರಶ್ನೆ ಎದುರಾದಾಗ ಚಿತ್ರಕಾರ ಒಂದು ಸಮುದಾಯದ ಕಟ್ಟುಪಾಡಿನ ಮುಂದೆ ನಿಂತಿರುತ್ತಾನೆ. ಬಣ್ಣದ ಚಿತ್ರದಲ್ಲಿ ಆಮೇಲೆ ಸೇರಿಸಬಹುದು, ಅಳಿಸಬಹುದು. ಇಲ್ಲಿ ಒಮ್ಮೆ ಇಟ್ಟ ಚುಕ್ಕೆ ಇಟ್ಟದ್ದೇ. ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಆ ಅಜ್ಜಿಯದು. ಅವರು ಬದುಕಿದ್ದಾರೆ, ಅವರನ್ನು ಕೇಳಬಹುದು. ಬದುಕಿರುವಾಗ ಮಾಡುವ ಚಿತ್ರಕ್ಕೂ ತೀರಿದ ಮೇಲೆ ಮಾಡುವ ಪಟಕ್ಕೂ ಇರುವ ನೈತಿಕ ವ್ಯತ್ಯಾಸ ಈ ಒಂದು ಚುಕ್ಕೆಯಲ್ಲಿ ಅಡಗಿದೆ.

4. ನರಿಯ ಬರೆ

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆ ಸುಟ್ಟಗೆರೆಯ ಚಿತ್ರಗಳ ವಿಮರ್ಶೆಗೆ ಬಹಳ ಸಹಾಯಕ. ನರಿಯ ತಪ್ಪು ಮೈ ಸುಟ್ಟುಕೊಂಡದ್ದಷ್ಟೇ ಅಲ್ಲ; ಹುಲಿಯ ಪಟ್ಟೆ ಒಳಗಿನಿಂದ ಬಂದದ್ದು ಎಂಬುದನ್ನು ಅದು ಅರಿಯಲಿಲ್ಲ. ಸುಟ್ಟಗೆರೆಯ ಮುಖಚಿತ್ರಗಳಲ್ಲಿ ಬಹುಪಾಲು ಇಂದು ಛಾಯಾಚಿತ್ರದ ನೆರಳಿನಲ್ಲಿ ತಯಾರಾಗುತ್ತವೆ. ಚಿತ್ರವನ್ನು ಹಲಗೆಯ ಅಳತೆಗೆ ಮುದ್ರಿಸಿ, ಕೆಳಗೆ ಇಂಗಾಲದ ಹಾಳೆ ಇಟ್ಟು, ಅಂಚುಗಳನ್ನೆಲ್ಲ ಒತ್ತಿ ಇಳಿಸಿಕೊಳ್ಳುತ್ತಾರೆ. ಹಾಗೆ ಇಳಿಸಿದ ಗೆರೆಗಳ ಮೇಲೆ ಮೊನೆ ಓಡಿಸಿದರೆ ಹೋಲಿಕೆ ಬರುತ್ತದೆ. ಆದರೆ ಕ್ಯಾಮೆರಾದ ಫ್ಲ್ಯಾಶ್ ಬೆಳಕು ಚಪ್ಪಟೆ ಮಾಡಿದ ಕೆನ್ನೆ ಹಲಗೆಯಲ್ಲಿಯೂ ಚಪ್ಪಟೆಯಾಗುತ್ತದೆ. ಸಮಾರಂಭದಲ್ಲಿ ಯಾರೋ ನಗಿಸಿದಾಗ ಬಂದ ನಗು ಆ ಮುಖದ ಶಾಶ್ವತ ನಗುವಾಗಿಬಿಡುತ್ತದೆ. ಛಾಯಾಚಿತ್ರ ನೆನಪಿಗೆ ಒತ್ತಾಸೆಯಾದರೆ ಆಕ್ಷೇಪವಿಲ್ಲ. ಅದೇ ಒಡೆಯನಾದಾಗ ಮರಕ್ಕೂ ಮುಖಕ್ಕೂ ನಂಟು ತಪ್ಪುತ್ತದೆ.

ಇದರ ಮುಂದಿನ ಹಂತ ಲೇಸರ್ ಯಂತ್ರ. ಕಾಣಿಕೆಯ ಅಂಗಡಿಗಳು ಛಾಯಾಚಿತ್ರವನ್ನು ಗಣಕಯಂತ್ರಕ್ಕೆ ಕೊಟ್ಟು ಸ್ವಲ್ಪ ಹೊತ್ತಿನಲ್ಲೇ ಮರದ ಮೇಲೆ ಸುಟ್ಟು ಕೊಡುತ್ತವೆ. ತಾಂತ್ರಿಕವಾಗಿ ಅದೂ ಬೆಂಕಿಯ ಬರಹವೇ. ಹೋಲಿಕೆಯ ನಿಖರತೆಯಲ್ಲಿ ಅದು ಹವ್ಯಾಸಿಯ ಕೈಯನ್ನು ಮೀರುವುದೂ ಉಂಟು. ಆದ್ದರಿಂದ ಕೈಗೆಲಸ ಎಂಬ ಒಂದೇ ಕಾರಣಕ್ಕೆ ಕೈಗೆಲಸವನ್ನು ಮೆಚ್ಚುವುದು ವಿಮರ್ಶೆಯಾಗದು. ಯಂತ್ರದಲ್ಲಿ ಮಾಡಿದ್ದಕ್ಕೂ ಕೈಯಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಚಿತ್ರ ತಯಾರಾಗುವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದರಲ್ಲಿದೆ.

ಕೈಯಿಂದ ಮಾಡುವ ಒಂದು ಮುಖಕ್ಕೆ ಹಲವು ದಿನಗಳು ಹಿಡಿಯುತ್ತವೆ. ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಮಾಡಿದಾಗ ಆ ದಿನಗಳಲ್ಲಿ ಮಾತು ಹುಟ್ಟುತ್ತದೆ. ಹಣೆಯ ಮೇಲಿನ ಕಲೆ ಎಲ್ಲಿಯದು, ಮೂಗುತಿ ಯಾವಾಗ ಬಿಟ್ಟದ್ದು, ಮೀಸೆ ಯಾರನ್ನು ನೋಡಿ ಬಿಟ್ಟದ್ದು ಎಂಬ ಪ್ರಶ್ನೆಗಳು ಕಥೆಗಳನ್ನು ಹೊರತರುತ್ತವೆ. ಮುದುಕರು ಹಿಂದಿನದನ್ನು ಮತ್ತೆ ಮತ್ತೆ ನೆನೆಯುವುದು ಬುದ್ಧಿಯ ಕುಸಿತವಲ್ಲ, ಬಾಳನ್ನು ಮರುಪರಿಶೀಲಿಸುವ ಸಹಜ ಪ್ರಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ವಾದಿಸಿದರು. ಮುಪ್ಪಿನಲ್ಲಿ ಮಾಡಿದ, ಕೂಡಿಟ್ಟ ವಸ್ತುಗಳಲ್ಲಿ ಈ ಮರುಪರಿಶೀಲನೆ ಹೇಗೆ ಮೈತಳೆಯುತ್ತದೆ ಎಂಬುದನ್ನು ಜಾನಪದ ವಿದ್ವಾಂಸೆ ಬಾರ್ಬರಾ ಕಿರ್ಶೆನ್‌ಬ್ಲಾಟ್-ಗಿಂಬ್ಲೆಟ್ 1989ರ ಪ್ರಬಂಧವೊಂದರಲ್ಲಿ ತೋರಿಸಿದರು. ಸುಟ್ಟಗೆರೆಯ ಸಂದರ್ಭದಲ್ಲಿ ವಸ್ತುವನ್ನು ಮಾಡುವವರು ಕಿರಿಯರು, ಬಾಳನ್ನು ನೆನೆಯುವವರು ಹಿರಿಯರು. ಇಬ್ಬರ ನಡುವೆ ಹಲಗೆ ಇದೆ. ಲೇಸರ್ ಯಂತ್ರ ಈ ನಡುವಣ ಹೊತ್ತನ್ನು ಇಲ್ಲವಾಗಿಸುತ್ತದೆ; ಛಾಯಾಚಿತ್ರವೊಂದನ್ನೇ ನೆಚ್ಚಿ ಕೋಣೆಯಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುವ ಹವ್ಯಾಸಿಯೂ ಅದನ್ನು ಕಳೆದುಕೊಳ್ಳುತ್ತಾನೆ.

ಇನ್ನೊಂದು ದೋಷ ಪ್ರೀತಿಯಿಂದಲೇ ಹುಟ್ಟುವಂಥದು. ಮಕ್ಕಳು ತಾಯಿಯ ಚಿತ್ರ ಮಾಡಿಸುವಾಗ ಸುಕ್ಕು ಕಡಿಮೆ ಮಾಡಿ ಎಂದು ಕೇಳುತ್ತಾರೆ, ಅಥವಾ ಮೂವತ್ತು ವರ್ಷ ಹಿಂದಿನ ಪಟವನ್ನು ಕೊಡುತ್ತಾರೆ. ಎದುರಿಗೆ ಕುಳಿತ ತಾಯಿಯನ್ನು ಬಿಟ್ಟು ಇಲ್ಲದ ತಾಯಿಯನ್ನು ಬರೆಯುವ ಈ ಬೇಡಿಕೆಯನ್ನು ಒಪ್ಪಿಕೊಂಡ ಕ್ಷಣವೇ ಚಿತ್ರ ಮುಂಗಡ ಸ್ಮಾರಕವಾಗುತ್ತದೆ. ಬದುಕಿರುವವರ ಪಟಕ್ಕೆ ಹಾರ ಹಾಕುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಹಿರಿಯರ ಹಿಂಜರಿಕೆಯಲ್ಲಿ ಇರುವ ನಿಜ ಇದೇ: ಅವರು ಅಂಜುವುದು ಬೆಂಕಿಗಲ್ಲ, ತಾವು ಇರುವಾಗಲೇ ಇಲ್ಲದವರಾಗುವುದಕ್ಕೆ.

5. ಇದ್ದಲಿನ ಇನ್ನೊಂದು ಮುಖ

ಮುಪ್ಪಿನ ಮುಖವನ್ನು ಪ್ರೀತಿಯಿಂದಲೂ ತಿದ್ದದೆಯೂ ಬರೆಯಲು ಸಾಧ್ಯವೆಂಬುದಕ್ಕೆ ಯುರೋಪಿನ ಚಿತ್ರಕಲೆಯಲ್ಲಿ ಒಂದು ಹಳೆಯ ನಿದರ್ಶನವಿದೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1514ರ ಮಾರ್ಚ್‌ನಲ್ಲಿ ತನ್ನ ತಾಯಿ ಬಾರ್ಬರಾಳ ಮುಖವನ್ನು ಇದ್ದಲಿನಿಂದ ಕಾಗದದ ಮೇಲೆ ಬರೆದ. ಬರ್ಲಿನ್ನಿನ ಸಂಗ್ರಹದಲ್ಲಿರುವ ಈ ಚಿತ್ರದಲ್ಲಿ ಉಬ್ಬಿದ ಕೆನ್ನೆಲುಬು, ಕತ್ತಿನ ನರಗಳು, ಬೇರೆ ಬೇರೆ ಕಡೆ ನೋಡುವ ಕಣ್ಣುಗಳು, ಹಣೆಯ ಮಡಿಕೆ ಯಾವುದನ್ನೂ ಮರೆಮಾಚಿಲ್ಲ. ಹದಿನೆಂಟು ಮಕ್ಕಳನ್ನು ಹೆತ್ತ ಹೆಂಗಸು ಆಕೆ. ಚಿತ್ರದ ಮೇಲೆಯೇ ಮಗ ಆಕೆಯ ವಯಸ್ಸು 63 ಎಂದು ಬರೆದ. ಎರಡು ತಿಂಗಳಲ್ಲಿ ತಾಯಿ ತೀರಿಕೊಂಡಾಗ ಅದೇ ಹಾಳೆಯ ಮೇಲೆ ಆ ಸಂಗತಿಯನ್ನೂ ಸೇರಿಸಿದ.

ಈ ನಿದರ್ಶನ ಎರಡು ಕಾರಣಗಳಿಂದ ಮುಖ್ಯ. ಮೊದಲನೆಯದು ಮಾಧ್ಯಮ. ಇದ್ದಲು ಎಂದರೆ ಸುಟ್ಟ ಮರ. ಡ್ಯೂರರ್ ಸುಟ್ಟ ಮರವನ್ನು ಕಾಗದಕ್ಕೆ ತಂದ. ಸುಟ್ಟಗೆರೆಯವರು ಮರದಲ್ಲೇ ಇದ್ದಲನ್ನು ಹುಟ್ಟಿಸುತ್ತಾರೆ. ಎರಡನೆಯದು ಕಾಲದ ಕ್ರಮ. ಚಿತ್ರ ಮೊದಲು, ಸಾವು ಆಮೇಲೆ. ಸಾವಿನ ಬರಹ ಸೇರಿದ ಮೇಲೆಯೂ ಅದು ಬದುಕಿದ್ದ ತಾಯಿಯ ಚಿತ್ರವಾಗಿಯೇ ಉಳಿಯಿತು, ಏಕೆಂದರೆ ಬರೆಯುವಾಗ ಮಗ ಆಕೆಯ ವಯಸ್ಸನ್ನು ಒಪ್ಪಿಕೊಂಡಿದ್ದ. ಡ್ಯೂರರನ ಸಿದ್ಧಿಯನ್ನು ಹವ್ಯಾಸಿಗಳಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಆ ಒಪ್ಪಿಗೆಗೆ ಸಿದ್ಧಿ ಬೇಕಾಗಿಲ್ಲ, ಧೈರ್ಯ ಸಾಕು.

6. ಗೆಳೆಯರ ಮುಖ

ಕುಟುಂಬದ ಹಿರಿಯರಿಗೆ ಜನಪದರ ಸ್ಮರಣೆಯಲ್ಲಿ ನಿಶ್ಚಿತ ಸ್ಥಾನವಿದೆ. ಎಡೆ, ಕಳಶ, ಹೊಸ ಬಟ್ಟೆ ಇವು ಕುಲದ ಹಿರಿಯರಿಗೆ ಸಲ್ಲುತ್ತವೆ. ವೈದಿಕರ ಮಹಾಲಯ ತರ್ಪಣದ ಪಟ್ಟಿಯಲ್ಲಿ ಗುರುಗಳಿಗೂ ಗೆಳೆಯರಿಗೂ ಎಳ್ಳುನೀರು ಬಿಡುವ ಅವಕಾಶವಿದ್ದರೂ ಮನೆಯಲ್ಲಿ ಎಡೆ ಇಡುವ ಜನಪದ ಹಬ್ಬ ರಕ್ತಸಂಬಂಧದ ಸುತ್ತಲೇ ತಿರುಗುತ್ತದೆ. ಗೆಳೆಯ ಎಷ್ಟೇ ಹತ್ತಿರದವನಾದರೂ ಅವನ ಪಟ ಇನ್ನೊಬ್ಬರ ನಡುಮನೆಯ ಗೋಡೆಗೆ ಏರುವುದಿಲ್ಲ.

ಸುಟ್ಟಗೆರೆಯ ಚಿತ್ರಕಾರರು ತಮ್ಮ ಗೆಳೆಯರ ಮುಖಗಳನ್ನು ಮೂಡಿಸುವುದು ಈ ಕಾರಣದಿಂದ ಗಮನಾರ್ಹ. ಶಾಲೆಯ ಜೊತೆಗಾರ, ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ಬೆಳಗಿನ ನಡಿಗೆಯ ಸಂಗಾತಿ ಇಂಥವರ ಚಿತ್ರಗಳು ಕುಲದ ಹೊರಗಿನ ಒಂದು ಸ್ಮರಣೆಯನ್ನು ಕಟ್ಟುತ್ತವೆ. ಸಮಾನವಾದ ಒಂದು ಅಂಶ ಬೆಸೆದ ಯಾವುದೇ ಗುಂಪೂ ‘ಜನಪದ’ವೇ ಎಂದು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಹೇಳಿದ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಒಟ್ಟಿಗೆ ಮುದುಕರಾಗುತ್ತಿರುವುದೂ ಅಂಥ ಒಂದು ಸಮಾನ ಅಂಶ. ಇಲ್ಲಿ ಬರೆಯುವವನಿಗೂ ಬರೆಸಿಕೊಳ್ಳುವವನಿಗೂ ಒಂದೇ ವಯಸ್ಸು. ಗೆಳೆಯನ ಕಣ್ಣಿನ ಕೆಳಗಿನ ಚೀಲವನ್ನು ಮೂಡಿಸುವ ಕೈಯಲ್ಲೂ ನಡುಕ ಶುರುವಾಗಿರುತ್ತದೆ. ಅಜ್ಜಿಯ ಚಿತ್ರದಲ್ಲಿ ನುಸುಳುವ ಭಕ್ತಿಗೆ ಇಲ್ಲಿ ಜಾಗವಿಲ್ಲ; ಸುಕ್ಕನ್ನು ಮರೆಮಾಚಿದರೆ ಗೆಳೆಯನೇ ಗೇಲಿ ಮಾಡುತ್ತಾನೆ. ಸುಟ್ಟಗೆರೆಯ ಮುಖಚಿತ್ರಗಳಲ್ಲಿ ತಿದ್ದುವ ಆಸೆ ತೀರ ಕಡಿಮೆ ಇರುವುದು ಗೆಳೆಯರ ಚಿತ್ರಗಳಲ್ಲಿ. ವಿಮರ್ಶೆಯ ದೃಷ್ಟಿಯಿಂದ ಈ ಬಗೆಯನ್ನು ಹೆಚ್ಚು ಆಶಾದಾಯಕ ಎನ್ನಬಹುದು.

7. ಸಂಗ್ರಹದ ಪ್ರಶ್ನೆ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ (1968), ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ (1994) ಇವು ಮರದ ಅಳತೆಪಾತ್ರೆ, ಮುಖವಾಡ, ಗೊಂಬೆ, ಕೃಷಿಯ ಸಲಕರಣೆಗಳನ್ನು ಕಾಪಾಡಿ ದೊಡ್ಡ ಉಪಕಾರ ಮಾಡಿವೆ. ಇಂಥ ಸಂಗ್ರಹಗಳಿಗೆ ಮಾಡಿದವರ ಹೆಸರು ಬೇಕಾಗಿರಲಿಲ್ಲ, ಏಕೆಂದರೆ ವಸ್ತು ಸಮುದಾಯದ್ದಾಗಿತ್ತು. ಸುಟ್ಟಗೆರೆಯ ಮುಖಚಿತ್ರದಲ್ಲಿ ಹೆಸರಿಲ್ಲದಿದ್ದರೆ ಅರ್ಧ ಅರ್ಥವೇ ಇಲ್ಲ. ಯಾರ ಮುಖ, ಎಷ್ಟನೆಯ ವಯಸ್ಸಿನಲ್ಲಿ, ಯಾವ ಮರದ ಮೇಲೆ, ಎದುರಿಗೆ ಕೂತದ್ದೋ ಪಟ ನೋಡಿ ಮಾಡಿದ್ದೋ, ಮಾಡುವಾಗ ಯಾವ ಮಾತು ಬಂತು ಎಂಬಿಷ್ಟನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುವ ರೂಢಿ ಬೆಳೆದರೆ ಈ ಚಿತ್ರಗಳು ಮುಂದಿನ ಅಧ್ಯಯನಕ್ಕೆ ಆಕರಗಳಾಗುತ್ತವೆ. ಇಂದು ಅವು ಮನೆಗಳಲ್ಲಿ ಚದುರಿಹೋಗಿವೆ. ಬರೆಸಿಕೊಂಡವರೂ ಬರೆದವರೂ ಮಾತನಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ಆಗಬೇಕು.

ಒಟ್ಟಿನಲ್ಲಿ, ಸುಟ್ಟಗೆರೆಯ ಮುಖಚಿತ್ರವನ್ನು ಅಳೆಯಲು ಹೋಲಿಕೆಯೊಂದೇ ಮಾನದಂಡವಾಗದು. ಆ ಮುಖ ತನ್ನ ವಯಸ್ಸಿನಲ್ಲಿ ಇದೆಯೇ, ಗೆರೆ ಮರವನ್ನು ಅರಿತು ಸಾಗಿದೆಯೇ, ಸುಡದೆ ಬಿಡಬೇಕಾದ್ದನ್ನು ಬಿಟ್ಟಿದೆಯೇ, ಮುಖದ ಒಡೆಯರ ಒಪ್ಪಿಗೆ ಅದರಲ್ಲಿ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇವುಗಳಿಗೆ ಹೌದೆಂಬ ಉತ್ತರ ಸಿಕ್ಕಲ್ಲಿ, ನುಡಿಯಲ್ಲಿ ಮಾತ್ರ ಇದ್ದ ನರೆ ತೆರೆಗಳು ಕನ್ನಡದ ಮನೆಗೆ ರೂಪವಾಗಿ ಬಂದಿವೆ ಎಂದು ತಿಳಿಯಬಹುದು.

ಈ ಚಿತ್ರಗಳಿಗೂ ಮುಪ್ಪು ಬರುತ್ತದೆ. ಬೆಳಕು ಬೀಳುವ ಗೋಡೆಯಲ್ಲಿ ವರ್ಷಗಳು ಕಳೆದಂತೆ ಬೆಳ್ಳಗಿನ ಮರ ಹಳದಿಗೆ ತಿರುಗಿ, ಕೆನ್ನೆಯ ತಿಳಿಗಂದು ನೆರಳುಗಳು ಮೆಲ್ಲಗೆ ಮಾಸುತ್ತವೆ. ಆಳವಾಗಿ ಸುಟ್ಟ ಗೆರೆಗಳು ಉಳಿಯುತ್ತವೆ. ಹಾಗೆ ಉಳಿಯುವ ಗೆರೆ ಯಾವುದಾಗಿರಬೇಕು ಎಂಬುದನ್ನು ಬರೆಯುವವರು ಮೊನೆಯನ್ನು ಮರಕ್ಕೆ ಮುಟ್ಟಿಸುವ ಮೊದಲೇ ತೀರ್ಮಾನಿಸಬೇಕಾಗುತ್ತದೆ.